ಗುಂಡು ಹಾರಿಸದ ಕೌಬಾಯ್

ಕನ್ನಡದ ಪ್ರೇಕ್ಷಕರಿಗೆ ಕೌಬಾಯ್ ಹೊಸಬನಲ್ಲ. ದ್ವಾರಕೀಶ್ 1973ರಲ್ಲೇ ‘ಕೌಬಾಯ್ ಕುಳ್ಳ’ನಾಗಿ ಬಂದಿದ್ದರು. ಎರಡು ವರ್ಷದ ಮೇಲೆ ‘ಶೋಲೆ’ ರಾಮನಗರದ ಬಂಡೆಗಳ ನಡುವೆ ಅಮೆರಿಕದ ಪಡುವಣ ಸೀಮೆಯನ್ನೇ ತಂದಿಳಿಸಿತು. ಈ ಬಗೆಯ ಸಿನಿಮಾಗಳು ನಮಗೆ ರೂಢಿ ಮಾಡಿಸಿದ ದೃಶ್ಯ ಒಂದೇ: ನಾಯಕ ನಡುಬಯಲಲ್ಲಿ ಬಿಸಿಲಿಗೆ ನಿಲ್ಲುತ್ತಾನೆ, ಎದುರಾಳಿ ಅವನನ್ನು ನೇರ ನೋಡುತ್ತಾನೆ, ಯಾರ ಕೈ ಮೊದಲು ಸೊಂಟದ ಕಡೆ ಹೋಯಿತೋ ಅವನು ಉಳಿಯುತ್ತಾನೆ. 2020ರ ಜೂನ್‌ನಲ್ಲಿ ಬಿಡುಗಡೆಯಾದ ‘ಡೆಸ್ಪರಾಡೋಸ್ 3’ ಎಂಬ ಕಂಪ್ಯೂಟರ್ ಗೇಮ್ ಈ ದೃಶ್ಯವನ್ನು ಬುಡಮೇಲು ಮಾಡಿತು. ಟೋಪಿ, ಕುದುರೆ, ರೈಲು, ಹೆಂಡದ ಸಲೂನು ಎಲ್ಲ ಇದೆ. ನಾಯಕ ಜಾನ್ ಕೂಪರ್‌ನ ಸೊಂಟದಲ್ಲಿ ಎರಡು ರಿವಾಲ್ವರ್‌ಗಳೂ ಇವೆ. ಆದರೆ ಅವನು ಬಯಲಿಗೆ ಬಂದರೆ ಸತ್ತ. ಬಾಗಲಕೋಟೆ ಜಿಲ್ಲೆಯ ಕಮತಗಿಯಲ್ಲಿ ನಮ್ಮ ಓಣಿಯ ಕಾಲೇಜು ಹುಡುಗನೊಬ್ಬ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ ಇದನ್ನು ಒಂದೇ ಮಾತಿನಲ್ಲಿ ಹೇಳಿದ: “ಕಾಕಾ, ಗುಂಡ್ ಹೊಡೀಲಾಕ ಬರ್ತೈತಿ, ಆದ್ರ ಹೊಡದ್ರ ಕೆಲಸಾ ಕೆಡ್ತೈತಿ.”

ಹೊಂಚು ಹಾಕಿ ಆಡುವ ಈ ಬಗೆಯ ಆಟಕ್ಕೆ ಒಂದು ಪರಂಪರೆಯಿದೆ. ಅದನ್ನು ಗಂಭೀರವಾಗಿ ತೂಗಿ ನೋಡುವ ಕೆಲಸ ಕನ್ನಡದಲ್ಲಿ ಆಗಬೇಕು ಎಂಬುದು ನನ್ನ ಆಸೆ. ಸಿನಿಮಾ, ನಾಟಕಗಳ ಬಗ್ಗೆ ನಾವು ಬರೆಯುವಷ್ಟೇ ಕಾಳಜಿಯಿಂದ ಈ ಆಟಗಳ ಬಗ್ಗೆಯೂ ಬರೆಯಬೇಕು. ನಮ್ಮ ಹುಡುಗರು ಸಂಜೆಗಳನ್ನು ಕಳೆಯುತ್ತಿರುವುದು ಇವುಗಳ ಜೊತೆಗೇ.

ಮೂಲ ಸ್ಪೇನಿನಲ್ಲಿದೆ. ಮ್ಯಾಡ್ರಿಡ್‌ನ ಪೈರೋ ಸ್ಟುಡಿಯೋಸ್ 1998ರಲ್ಲಿ ‘ಕಮಾಂಡೋಸ್: ಬಿಹೈಂಡ್ ಎನಿಮಿ ಲೈನ್ಸ್’ ಹೊರತಂದಿತು. ಎರಡನೇ ಮಹಾಯುದ್ಧ, ಜರ್ಮನ್ ಠಾಣೆಗಳು, ಒಳನುಗ್ಗುವ ಬೆರಳೆಣಿಕೆಯ ಸೈನಿಕರು. ಆಗಿನ ಯುದ್ಧದಾಟಗಳಲ್ಲಿ ಸೈನ್ಯ ಕಟ್ಟಿ, ಗಣಿ ತೋಡಿ, ಎದುರಾಳಿಗಿಂತ ದೊಡ್ಡ ದಂಡು ಮಾಡಿಕೊಂಡು ಮೇಲೆ ಬೀಳುವುದೇ ಪದ್ಧತಿ. ‘ಕಮಾಂಡೋಸ್’ ಅದನ್ನೆಲ್ಲ ಕೈಬಿಟ್ಟು, ಒಬ್ಬೊಬ್ಬನಿಗೆ ಒಂದೊಂದು ವಿದ್ಯೆ ಕೊಟ್ಟಿತು. ಒಬ್ಬ ಚೂರಿಯವನು, ಒಬ್ಬ ದೂರದಿಂದ ಗುರಿಯಿಡುವವನು, ಒಬ್ಬ ಈಜುವವನು, ಒಬ್ಬ ವೇಷ ಹಾಕುವವನು. ಮೂರು ವರ್ಷದ ನಂತರ ಜರ್ಮನಿಯ ಸ್ಪೆಲ್‌ಬೌಂಡ್ ಎಂಬ ಸಂಸ್ಥೆ ಇದೇ ವ್ಯಾಕರಣವನ್ನು ಕೌಬಾಯ್ ಸೀಮೆಗೆ ತಂದು ಮೊದಲ ‘ಡೆಸ್ಪರಾಡೋಸ್’ ಮಾಡಿತು. 2002ರಲ್ಲಿ ಅದೇ ಸಂಸ್ಥೆಯ ‘ರಾಬಿನ್ ಹುಡ್’ ಬಂತು. ಆಮೇಲೆ ಕಾಲ ತಿರುಗಿತು. ‘ಕಮಾಂಡೋಸ್’ನ ಮೂರನೇ ಭಾಗ, ‘ಡೆಸ್ಪರಾಡೋಸ್’ನ ಎರಡನೇ ಭಾಗ ಹೆಸರಿಗೆ ಬಂದುಹೋದವು. ಹತ್ತು ವರ್ಷ ಈ ಕಡೆ ಯಾರೂ ತಲೆಹಾಕಲಿಲ್ಲವೆಂದರೂ ಸರಿಯೇ. ಮ್ಯೂನಿಕ್‌ನ ಸಣ್ಣ ಸಂಸ್ಥೆ ಮಿಮಿಮಿ 2016ರ ಡಿಸೆಂಬರ್‌ನಲ್ಲಿ ಹಳೆಯ ಜಪಾನಿನ ಕಥೆಯಿಟ್ಟು ‘ಶ್ಯಾಡೋ ಟ್ಯಾಕ್ಟಿಕ್ಸ್’ ತಂದ ಮೇಲೆಯೇ ಇದಕ್ಕೆ ಮರುಜೀವ. ‘ಡೆಸ್ಪರಾಡೋಸ್ 3’ ಕೂಡ ಅವರದೇ.

ಈ ಪರಂಪರೆಯ ನಿಜವಾದ ಸಾಧನೆ ಯಾವುದೆಂದರೆ, ಇನ್ನೊಬ್ಬರ ನೋಟಕ್ಕೆ ಅದು ಆಕಾರ ಕೊಟ್ಟಿತು. ‘ಡೆಸ್ಪರಾಡೋಸ್ 3’ರಲ್ಲಿ ಕಾವಲುಗಾರನ ಮೇಲೆ ಒತ್ತಿದರೆ ಅವನ ಕಣ್ಣು ಎಷ್ಟು ದೂರ, ಯಾವ ಕಡೆ ಹರಿಯುತ್ತಿದೆ ಎಂಬುದು ನೆಲದ ಮೇಲೆ ಬೀಸಣಿಗೆಯಂತೆ ಹಸಿರಾಗಿ ಹರಡಿಕೊಳ್ಳುತ್ತದೆ. ಹತ್ತಿರದ ಭಾಗ ಗಟ್ಟಿ ಹಸಿರು. ಅಲ್ಲಿಗೆ ಕಾಲಿಟ್ಟರೆ ಸಿಕ್ಕಿಬಿದ್ದಂತೆ. ದೂರದ ಭಾಗ ಪಟ್ಟೆಪಟ್ಟೆ. ಅಲ್ಲಿ ಬಗ್ಗಿ ಸಾಗಿದರೆ ಕಾಣುವುದಿಲ್ಲ, ಎದ್ದು ನಿಂತರೆ ಕಾಣುತ್ತದೆ. ಗೋಡೆ, ಗಾಡಿ, ಬೇಲಿ ಅಡ್ಡ ಬಂದಲ್ಲಿ ಹಸಿರು ಕತ್ತರಿಸಿಹೋಗುತ್ತದೆ. ಆ ಕತ್ತರಿಸಿದ ಜಾಗವೇ ಆಡುವವನ ಪಾಲಿನ ನೆಲ. ಇಷ್ಟು ಸರಳವಾದ ಒಂದು ಉಪಾಯದಿಂದ ಇಡೀ ಊರಿನ ನಕ್ಷೆಯ ಅರ್ಥವೇ ಬದಲಾಗುತ್ತದೆ. ಯಾರು ಯಾರನ್ನು ನೋಡುತ್ತಿದ್ದಾರೆ, ಯಾರ ಬೆನ್ನು ಯಾರಿಗಿದೆ ಎಂಬ ಲೆಕ್ಕವೇ ಊರಾಗುತ್ತದೆ.

ನಮ್ಮ ಹುಲಿ-ಕುರಿ ಆಟವನ್ನು ಪಕ್ಕದಲ್ಲಿಟ್ಟು ನೋಡಿದರೆ ಇದರ ಹೊಸತನ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹಂಪಿಯ ಗುಡಿ-ಮಂಟಪಗಳ ನೆಲಗಲ್ಲಿನ ಮೇಲೆ ಇಂಥ ಆಟದ ಮನೆಗಳನ್ನು ಕೊರೆದಿರುವುದನ್ನು ಇವತ್ತಿಗೂ ಕಾಣಬಹುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಹಾಸಿನ ಆಟಗಳನ್ನು ತಾವೇ ಹೊಸೆದವರು. ಹುಲಿ-ಕುರಿಯಲ್ಲೂ ಎರಡು ಪಕ್ಷ ಸಮನಲ್ಲ. ಹುಲಿ ಕೆಲವೇ, ಬಲ ಹೆಚ್ಚು. ಕುರಿ ಬಹಳ, ಬಲ ಕಡಿಮೆ. ಆದರೆ ಅಲ್ಲಿ ಇಬ್ಬರಿಗೂ ಎಲ್ಲವೂ ಕಾಣುತ್ತದೆ. ಹೊಂಚಿನ ಆಟದಲ್ಲಿ ಎಲ್ಲ ಕಾಣುವುದು ಆಡುವವನಿಗೆ ಮಾತ್ರ. ಕಾವಲಿನವರ ಕಡೆ ಜನಬಲವಿದೆ, ಬಂದೂಕಿದೆ, ಹೊಡೆಯುವ ಅಧಿಕಾರವಿದೆ; ನಮ್ಮ ಕಡೆ ಇರುವುದು ಅವರಿಗಿಂತ ಒಂದಿಷ್ಟು ಹೆಚ್ಚು ತಿಳಿವಳಿಕೆ. ಆ ತಿಳಿವಳಿಕೆಯೊಂದರಿಂದಲೇ ಗೆಲ್ಲಬೇಕು.

‘ಡೆಸ್ಪರಾಡೋಸ್ 3’ರ ಒಂದು ಪಟ್ಟನ್ನು ಹತ್ತಿರದಿಂದ ನೋಡೋಣ. ಅಂಗಳದಲ್ಲಿ ಇಬ್ಬರು ಕಾವಲುಗಾರರು ಎದುರುಬದುರು ನಿಂತಿದ್ದಾರೆ. ಒಬ್ಬನನ್ನು ಬೀಳಿಸಿದರೆ ಇನ್ನೊಬ್ಬ ನೋಡುತ್ತಾನೆ. ಪಕ್ಕದಲ್ಲಿ ಪಾಂಚೊ ಎಂಬ ಕಂಬಳಿ ಹೊದ್ದವನೊಬ್ಬ. ಬೇರೆ ಕಡೆ ಸೆಳೆಯಲು ನೋಡಿದರೂ ಇವನು ಜಾಗ ಬಿಟ್ಟು ಕದಲುವುದಿಲ್ಲ. ಅವರ ಹಿಂದೆ ಗಸ್ತು ತಿರುಗುವ ಉದ್ದ ಕೋಟಿನವನಿಗೆ ಕೂಪರ್‌ನ ಚೂರಿ ನಾಟುವುದಿಲ್ಲ, ತಂಡದ ಜೊತೆಗಾರ ಹೆಕ್ಟರ್‌ನ ಕೊಡಲಿಯೋ ಬೋನೋ ಬೇಕು. ಆಗ ಬುದ್ಧಿ ಓಡಿಸಬೇಕಾದದ್ದು ಹೀಗೆ: ಹೆಕ್ಟರ್ ತಾನು ಬಿಯಾಂಕಾ ಎಂದು ಮುದ್ದಿನಿಂದ ಕರೆಯುವ ಕರಡಿಬೋನನ್ನು ಗೋಡೆಯ ಮರೆಯಲ್ಲಿ ಇಟ್ಟು ಸಿಳ್ಳು ಹಾಕುತ್ತಾನೆ, ತಂಡದ ಕೇಟ್ ಕದ್ದ ಬಟ್ಟೆ ಉಟ್ಟು ಪಾಂಚೊದವನನ್ನು ಮಾತಿಗೆಳೆದು ಅವನ ಮುಖ ಬೇರೆ ಕಡೆ ತಿರುಗಿಸುತ್ತಾಳೆ, ಇನ್ನೊಬ್ಬ ಜೊತೆಗಾತಿ ಇಸಬೆಲ್ ತನ್ನ ಮಂತ್ರವಿದ್ಯೆಯಿಂದ ಎದುರುಬದುರಿನ ಇಬ್ಬರನ್ನೂ ಜೋಡಿ ಮಾಡುತ್ತಾಳೆ. ಇನ್ನು ಒಬ್ಬನಿಗೆ ಆದದ್ದು ಇನ್ನೊಬ್ಬನಿಗೂ ಆಗುತ್ತದೆ. ಇದೆಲ್ಲ ಒಂದೇ ಗಳಿಗೆಯಲ್ಲಿ ನಡೆಯಬೇಕು. ಅದಕ್ಕಾಗಿ ‘ಶೋಡೌನ್’ ಎಂಬ ಏರ್ಪಾಡು ಇದೆ. ಆಟವನ್ನು ನಿಲ್ಲಿಸಿ, ಪ್ರತಿಯೊಬ್ಬರಿಗೂ ಒಂದೊಂದು ಕೆಲಸ ಹೇಳಿಟ್ಟು, ಒಂದೇ ಗುಂಡಿ ಒತ್ತಿದರೆ ಎಲ್ಲವೂ ಒಟ್ಟಿಗೆ ಸಾಗುತ್ತವೆ. ಕೌಬಾಯ್ ಸಿನಿಮಾದ ಎದುರುಬದುರಿನ ಕಾಳಗಕ್ಕೆ ಇಟ್ಟ ಹೆಸರನ್ನೇ ಇಲ್ಲಿ ಕಣ್ಣಿಗೆ ಬೀಳದ ಕೆಲಸಕ್ಕೆ ಕೊಟ್ಟಿದ್ದಾರೆ. ಇದು ಸುಮ್ಮನೆ ಆದದ್ದಲ್ಲ. ಒಬ್ಬ ವೀರನ ಕೈಚಳಕ ಇದ್ದ ಜಾಗಕ್ಕೆ ಐವರ ಹೊಂದಾಣಿಕೆ ಬಂದು ಕೂತಿದೆ. ಇಲ್ಲಿ ಒಬ್ಬನೇ ಎಲ್ಲರನ್ನೂ ಕಾಪಾಡುವುದಿಲ್ಲ. ಈ ಒಂದು ಗುಣಕ್ಕಾಗಿಯೇ ನಾನು ‘ಡೆಸ್ಪರಾಡೋಸ್ 3’ನ್ನು ಈ ಪರಂಪರೆಯ ಉತ್ತಮ ಕೃತಿ ಎನ್ನುತ್ತೇನೆ.

ದೋಷಗಳೂ ಇವೆ. ಮೊದಲನೆಯದು ಎಲ್ಲರಿಗೂ ಗೊತ್ತಿರುವುದೇ: ಕ್ವಿಕ್‌ಸೇವ್. ಒಂದು ಹೆಜ್ಜೆ ಇಡುವ ಮುನ್ನ ಸೇವ್, ತಪ್ಪಾದರೆ ಲೋಡ್. ‘ಕಮಾಂಡೋಸ್’ ಕಾಲದಿಂದಲೂ ಹೀಗೆ. ಮಿಮಿಮಿಯವರು ಇದನ್ನು ಮುಚ್ಚಿಡಲಿಲ್ಲ; ಕೊನೆಯ ಸೇವ್ ಆಗಿ ಎಷ್ಟು ಹೊತ್ತಾಯಿತು ಎಂದು ಪರದೆಯ ಮೇಲೆಯೇ ನೆನಪಿಸಿದರು. ಈ ಪ್ರಾಮಾಣಿಕತೆ ನನಗೆ ಮೆಚ್ಚುಗೆ. ಹಾಗಿದ್ದರೂ ಒಂದು ನಷ್ಟವಂತೂ ಇದೆ. ಕೌಬಾಯ್ ಕಥೆಯ ಜೀವಾಳ, ಒಮ್ಮೆ ಆದದ್ದು ಆಯಿತು ಎಂಬ ಭಾವ. ಕೂಪರ್‌ನ ಇಡೀ ಕಥೆ ನಿಂತಿರುವುದು ಬಾಲ್ಯದಲ್ಲಿ ಕಣ್ಣೆದುರೇ ತಂದೆಯನ್ನು ಕಳೆದುಕೊಂಡ ನೋವಿನ ಮೇಲೆ. ಆ ಸಾವನ್ನು ಯಾರೂ ವಾಪಸು ತರಲಾರರು. ಅದೇ ಆಟದಲ್ಲಿ ನಾನು ಮಾಡಿದ ಒಂದೊಂದು ತಪ್ಪೂ ಅರೆಕ್ಷಣದಲ್ಲಿ ಅಳಿಸಿಹೋಗುತ್ತದೆ. ಕಥೆ ಹೇಳುವುದು ಒಂದು, ಕೈ ಮಾಡುವುದು ಇನ್ನೊಂದು.

ಎರಡನೆಯ ದೋಷ ಇದಕ್ಕಿಂತ ಆಳದ್ದು, ಅದರ ಬಗ್ಗೆ ಮಾತಾಡಿದವರು ಕಡಿಮೆ. ಕಾವಲಿನವರ ನಡುವೆ ಬದುಕುತ್ತಿರುವ ಊರವರನ್ನು ಈ ಪರಂಪರೆ ಸರಿಯಾಗಿ ನೋಡಿಯೇ ಇಲ್ಲ.

ಇದು ನನಗೆ ನಾಟಿದ್ದು ನಾನಿರುವ ನೆಲದಿಂದ. ಕಮತಗಿಯಿಂದ ಗುಳೇದಗುಡ್ಡದ ಹಾದಿ ಹಿಡಿದು ಬಾದಾಮಿ ಕಡೆ ಹೊರಟರೆ ಸಿಗುವ ಕೆಂಪು ಮರಳುಗಲ್ಲಿನ ಗುಡ್ಡ, ಸೀಳು, ಕುರುಚಲು ಕಾಡು ಈ ಆಟದ ಕೊಲೊರಾಡೊಗಿಂತ ಯಾವುದರಲ್ಲೂ ಕಡಿಮೆಯಿಲ್ಲ. ಬಲ್ಲಿದರ ಕಣ್ಣು ತಪ್ಪಿಸಿ ಹೋರಾಡಿದವರ ಕಥೆಯೂ ಈ ಭಾಗಕ್ಕೆ ಹೊಸದಲ್ಲ. ಮುಧೋಳದ ಕಡೆಯ ಹಲಗಲಿಯ ಬೇಡರು 1857ರ ನವೆಂಬರ್‌ನಲ್ಲಿ, ಆಯುಧ ಒಪ್ಪಿಸಿರೆಂಬ ಕಂಪನಿ ಸರಕಾರದ ಆಜ್ಞೆಗೆ ಬಗ್ಗದೆ ನಿಂತರು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳನ್ನು ಜೆ.ಎಫ್. ಫ್ಲೀಟ್ ಸಂಗ್ರಹಿಸಿದ ಲಾವಣಿ ಇವತ್ತಿಗೂ ಉಳಿಸಿದೆ. ‘ಡೆಸ್ಪರಾಡೋಸ್ 3’ರಲ್ಲಿ ಖಳನಾಗಿರುವುದೂ ಜನರ ನೆಲ ನುಂಗುವ ಡಿವಿಟ್ ಎಂಬವನ ಕಂಪನಿಯೇ. ಸಂಗೊಳ್ಳಿ ರಾಯಣ್ಣ ಕಂಪನಿಯ ದಂಡಿಗೆ ಬಯಲಲ್ಲಿ ಎದುರಾಗದೆ, ಸರಕಾರದ ಕಚೇರಿಗಳ ಮೇಲೆ ಎರಗಿ ಕಾಡಿಗೆ ಸರಿಯುತ್ತಿದ್ದ. ಜತ್ತ ಸೀಮೆಯ ಸಿಂಧೂರ ಲಕ್ಷ್ಮಣ ಬ್ರಿಟಿಷ್ ಪೊಲೀಸರ ಕಣ್ಣು ತಪ್ಪಿಸಿ ನಮ್ಮ ಗುಡ್ಡಗಳಲ್ಲಿ ಅಡಗಿದ್ದು, 1922ರಲ್ಲಿ ಕೊನೆಯಾದ. ಅವನ ಕಥೆಯನ್ನು ಕಂಪನಿ ನಾಟಕದವರು ಊರೂರಿಗೆ ಹೊತ್ತು ತಿರುಗಿದರು. ಹುಚ್ಚೇಶ್ವರ ನಾಟ್ಯ ಸಂಘದ ಊರಾದ ಕಮತಗಿಯವರಿಗೆ ಆ ಬಗೆಯ ನಾಟಕದ ರುಚಿ ಹೇಳಿಕೊಡಬೇಕಿಲ್ಲ.

ಈ ಕಥೆಗಳಲ್ಲೆಲ್ಲ ಅಡಗಿದವನನ್ನು ಉಳಿಸಿದ್ದು ಪೊದೆಯಷ್ಟೇ ಅಲ್ಲ. ಕಂಡೂ ಕಾಣದಂತೆ ಹೋದ ಕುರಿಗಾಹಿ, ರಾತ್ರಿ ರೊಟ್ಟಿಗಂಟು ಇಟ್ಟು ಹೋದವಳು, ಸುದ್ದಿ ಮುಟ್ಟಿಸಿದ ಹುಡುಗ. ಹಾಗೆಯೇ ಅವನನ್ನು ಕೆಡವಿದ್ದೂ ಬರೀ ಬಂದೂಕಲ್ಲ. ರಾಯಣ್ಣ 1830ರಲ್ಲಿ ಸೆರೆಯಾದದ್ದು ನಮ್ಮವರೇ ಮಾಡಿದ ದ್ರೋಹದಿಂದ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ನೋಡಿದವನು ಏನು ಮಾಡಿದ ಎಂಬುದರ ಮೇಲೆ ಇಡೀ ಬಂಡಾಯದ ಹಣೆಬರಹ ನಿಂತಿತ್ತು.

ಆಟದಲ್ಲಿ ಊರವನು ನೋಡಿದರೆ ಏನಾಗುತ್ತದೆ? ಅವನು ಹೆದರಿ ಕೂಗುತ್ತಾನೆ, ಕಾವಲಿನವರು ಓಡಿ ಬರುತ್ತಾರೆ. ಅಷ್ಟೇ. ಅವನ ಹೊಲವನ್ನು ಡಿವಿಟ್ ಕಂಪನಿ ಕಿತ್ತುಕೊಂಡಿರಲಿ, ಅವನ ಮಗನನ್ನು ಕೂಪರ್ ಕಾಪಾಡಿರಲಿ, ಅವನ ಕೂಗು ಬದಲಾಗುವುದಿಲ್ಲ. ಕೆಲವು ಕಡೆ ಸಂತೆ, ಬೀದಿಗಳಲ್ಲಿ ಯಾರೂ ತಡೆಯದೆ ಓಡಾಡಿ ಜನರ ಮಾತಿಗೆ ಕಿವಿಗೊಡಬಹುದು. ನಿಂತು ಕೇಳಿದರೆ ಮುಂದಿನ ಉಪಾಯದ ಸುಳಿವೂ ಸಿಗುತ್ತದೆ. ಆ ಭಾಗಗಳನ್ನು ಪ್ರೀತಿಯಿಂದ ಮಾಡಿದ್ದಾರೆ, ಅದನ್ನು ಹೇಳಲೇಬೇಕು. ಆದರೂ ಅಲ್ಲಿ ಕೇಳಿದ ಮಾತು ಸುಳಿವಾಗುತ್ತದೆಯೇ ಹೊರತು ಸಂಬಂಧವಾಗುವುದಿಲ್ಲ. ಬೇಲಿ ದಾಟಿದ ಕೂಡಲೇ ಅದೇ ಜನ ಮತ್ತೆ ತಪ್ಪಿಸಿಕೊಳ್ಳಬೇಕಾದ ಕಣ್ಣುಗಳಾಗುತ್ತಾರೆ. ‘ಕಮಾಂಡೋಸ್’ನಲ್ಲಿ ಶತ್ರು ಠಾಣೆಯೊಳಗೆ ಕಣ್ಣೆಲ್ಲ ಶತ್ರುವಿನದೇ ಎಂಬ ಲೆಕ್ಕ ನಡೆಯುತ್ತಿತ್ತು, ಅಲ್ಲಿ ಇದ್ದವರು ಹೆಚ್ಚಾಗಿ ಸೈನಿಕರೇ. ಊರಿನೊಳಗಿನ ಕಥೆ ಹೇಳಹೊರಟ ಮೇಲೆ ಆ ಲೆಕ್ಕ ಸಾಲದು. ಬಡವರ ಪಕ್ಷ ಹಿಡಿದ ಬಂಡಾಯಗಾರನ ಕಥೆಯಲ್ಲಿ ಬಡವರಿಗೇ ಮಾಡಲು ಕೆಲಸವಿಲ್ಲ ಎಂಬುದು ನನ್ನ ದೊಡ್ಡ ತಕರಾರು.

ಮಿಮಿಮಿ ಇನ್ನಷ್ಟು ದಿನ ಉಳಿದಿದ್ದರೆ ಈ ಪ್ರಶ್ನೆಯನ್ನು ಮುಟ್ಟುತ್ತಿತ್ತೋ ಏನೋ. 2023ರ ಆಗಸ್ಟ್‌ನಲ್ಲಿ ಅವರ ಕೊನೆಯ ದೊಡ್ಡ ಆಟ ‘ಶ್ಯಾಡೋ ಗ್ಯಾಂಬಿಟ್’ ಬಂತು. ಅದೇ ತಿಂಗಳ ಕೊನೆಗೆ ಸಂಸ್ಥೆ ಮುಚ್ಚುತ್ತೇವೆಂದು ಅವರೇ ಪ್ರಕಟಿಸಿದರು. ಇಂಥ ಒಂದೊಂದು ಆಟಕ್ಕೂ ವರ್ಷಗಟ್ಟಲೆ ದುಡಿಮೆ ಬೇಕು. ಕೊಳ್ಳುವವರು ಒಂದು ಸಣ್ಣ ನಿಷ್ಠಾವಂತ ಬಳಗ. 2025ರಲ್ಲಿ ಬಂದ ‘ಕಮಾಂಡೋಸ್: ಒರಿಜಿನ್ಸ್’ ಮತ್ತೆ ಮಹಾಯುದ್ಧದ ಠಾಣೆಗಳಿಗೇ ಮರಳಿದೆ. ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಹಳೆಯ ಪ್ರಶ್ನೆ ಅಲ್ಲೂ ಹಾಗೇ ಇದೆ.

‘ಶ್ಯಾಡೋ ಗ್ಯಾಂಬಿಟ್’ ಮಾತ್ರ ಒಂದು ದಾರಿ ತೆರೆದಿಟ್ಟು ಹೋಗಿದೆ. ಅದರಲ್ಲಿ ಸೇವ್ ಮಾಡುವುದೂ ಕಥೆಯ ಭಾಗ. ಜೀವವಿರುವ ಒಂದು ಹಡಗು ಆ ಗಳಿಗೆಯನ್ನು ನೆನಪಾಗಿ ಹಿಡಿದಿಟ್ಟುಕೊಳ್ಳುತ್ತದೆ, ಬೇಕೆಂದಾಗ ಅಲ್ಲಿಗೆ ಮರಳಿಸುತ್ತದೆ. ಯಂತ್ರದ ಅನುಕೂಲವೊಂದು ಕಥೆಯೊಳಗಿನ ಶಕ್ತಿಯಾಯಿತು. ಹೀಗೆ ಮಾಡಬಹುದು ಎಂದಾದ ಮೇಲೆ, ಯಾವುದನ್ನು ಮರಳಿಸಬಹುದು, ಯಾವುದನ್ನು ಮರಳಿಸಲಾಗದು ಎಂದೂ ಆಟ ಕಟ್ಟುವವರು ತೀರ್ಮಾನಿಸಬಹುದು. ಕಾವಲಿನವನ ಕೈಗೆ ಸಿಕ್ಕ ತಪ್ಪು ಅಳಿಸಿಹೋಗಲಿ. ಊರವರ ಜೊತೆ ನಡೆದುಕೊಂಡ ರೀತಿ ಅಳಿಯದಿರಲಿ. ಹಲಗಲಿಯನ್ನೋ ಸಿಂಧೂರ ಲಕ್ಷ್ಮಣನನ್ನೋ ಇಟ್ಟುಕೊಂಡು ಇಂಥ ಆಟ ಕಟ್ಟುವ ಹುಡುಗರು ಬಾಗಲಕೋಟೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈಗಾಗಲೇ ಇರಬಹುದು. ಅವರು ಪೊಲೀಸನ ನೋಟಕ್ಕೆ ಹಸಿರು ಬಣ್ಣವನ್ನೇ ಕೊಡಲಿ, ಆ ಲೆಕ್ಕ ಪೈರೋದವರು ಚೆನ್ನಾಗಿಯೇ ಹಾಕಿಕೊಟ್ಟಿದ್ದಾರೆ. ಹೊಲದಲ್ಲಿ ಸದೆ ತೆಗೆಯುತ್ತಿರುವ ಹೆಂಗಸಿನ ನೋಟಕ್ಕೆ ಮಾತ್ರ ಬೇರೆ ನಿಯಮ ಬೇಕು. ಬಂಡಾಯಗಾರನ ತಂಡ ಹೋದ ಸಲ ಅವಳ ಊರಿನಿಂದ ಜೋಳ ಕೇಳಿ ಪಡೆಯಿತೋ ಕಸಿದುಕೊಂಡಿತೋ ಎಂಬುದನ್ನು ನೆನಪಿಟ್ಟುಕೊಂಡು, ಅವಳು ಕೂಗಬೇಕೋ ಸುಮ್ಮನಿರಬೇಕೋ ಎಂಬುದನ್ನು ಆಟವೇ ಆಗ ನಿರ್ಧರಿಸಬೇಕು.