ಬಿದ್ದ ಜಾಬ್ ಎಲ್ಲಿಂದ ಏಳಬೇಕು?

ಮೈನ್‌ಫ್ರೇಮ್ ಜಾಬಿನ ಸ್ಟೆಪ್‌ಗಳನ್ನು ಸಾಲಾಗಿ ಹೇಳುವ ಜೆಸಿಎಲ್, ಅದೂ ಬೇರೆಯವರು ಬರೆದದ್ದು, ಕೈಗೆ ಬಂದಾಗ ಅದು ಏನು ಮಾಡುತ್ತದೆ ಎಂಬುದನ್ನು ನಾನು ಆಮೇಲೆ ನೋಡುತ್ತೇನೆ. ಮೊದಲು ಹುಡುಕುವುದು ಮೇಲಿನ ಕಾಮೆಂಟ್ ಸಾಲುಗಳಲ್ಲಿ ‘ನಾಲ್ಕನೇ ಸ್ಟೆಪ್‌ನಲ್ಲಿ ಬಿದ್ದರೆ ಹೀಗೆ ಮಾಡಿ’ ಎಂದು ಯಾರಾದರೂ ಬರೆದಿಟ್ಟಿದ್ದಾರೆಯೇ ಎಂದು. ಎಷ್ಟೋ ಸಲ ಇರುವುದಿಲ್ಲ. ನಕ್ಷತ್ರಗಳ ಚೌಕಟ್ಟಿನೊಳಗೆ ಬರೆದವರ ಹೆಸರು, ತಾರೀಖು ಮಾತ್ರ ಅಂದವಾಗಿ ಕೂತಿರುತ್ತವೆ.

ಕಬಿನಿ ದಂಡೆಯ ಬೀಚನಹಳ್ಳಿಯಲ್ಲಿ ಕೂತವನಿಗೆ ಮೈನ್‌ಫ್ರೇಮ್ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಲಂಡನ್ನಿನ ನಡುರಾತ್ರಿ ಎಂದರೆ ಚಳಿಗಾಲದಲ್ಲಿ ನಮಗೆ ಬೆಳಗಿನ ಐದೂವರೆ, ಬೇಸಿಗೆಯಲ್ಲಿ ನಾಲ್ಕೂವರೆ. ಅಲ್ಲಿನ ಬ್ಯಾಂಕಿನ ರಾತ್ರಿ ಬ್ಯಾಚ್ ಬಿದ್ದರೆ, ಇಲ್ಲಿ ಹಾಲು ಕರೆಯುವ ಹೊತ್ತಿಗೆ ಆನ್‌ಕಾಲ್ ಹುಡುಗನ ಫೋನ್ ಬಡಿದುಕೊಳ್ಳುತ್ತದೆ. ಆಗ ಅವನಿಗೆ ಬೇಕಾಗುವುದು ಆ ಕಾಮೆಂಟ್ ಸಾಲೇ.

ಜಾಬ್ ಕೆಡುವುದರಲ್ಲಿ ಎರಡು ಬಗೆ. ಪ್ರೋಗ್ರಾಂ ತಾನೇ ಮುಗಿದು ರಿಟರ್ನ್ ಕೋಡ್ ಕೊಡುವುದು ಒಂದು: ರೂಢಿಯಂತೆ 0 ಎಂದರೆ ಕ್ಷೇಮ, 4 ಎಂದರೆ ಎಚ್ಚರಿಕೆ, 8 ಮತ್ತು ಮೇಲಕ್ಕೆ ಹೋದರೆ ದೂರು. ಮಾತಾಡದೆ ಸತ್ತುಹೋಗುವುದು ಇನ್ನೊಂದು, ಅದು ಅಬೆಂಡ್. ಅಂಕಿ ಇರಬೇಕಾದ ಕಡೆ ಕಸ ಬಂದರೆ ಎಸ್0ಸಿ7, ಡಿಸ್ಕ್‌ನಲ್ಲಿ ಜಾಗ ಮುಗಿದರೆ ಎಸ್‌ಬಿ37. ಕಲಿಯುವವರನ್ನು ಗೋಳಾಡಿಸುವುದು ಮಾತ್ರ ಕಾಂಡ್ ಎಂಬ ಪ್ಯಾರಾಮೀಟರ್. ‘ಕಾಂಡ್=(4,ಎಲ್‌ಟಿ)’ ಎಂದರೆ, ಹಿಂದಿನ ಯಾವುದಾದರೂ ಸ್ಟೆಪ್‌ನ ಕೋಡ್‌ಗಿಂತ 4 ಚಿಕ್ಕದಾಗಿದ್ದರೆ ಈ ಸ್ಟೆಪ್ಪನ್ನು ಓಡಿಸಬೇಡ ಎಂದು. ಷರತ್ತು ನಿಜವಾದರೆ ಕೆಲಸ ಇಲ್ಲ! ಇಷ್ಟು ತಿರುಗುಮುರುಗಾದ ವ್ಯಾಕರಣವನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಮೇಲೆ ಬಂದ ಇಫ್-ದೆನ್-ಎಲ್ಸ್ ಇರುವಾಗಲೂ ಕಾಂಡ್ ಬರೆಯುವವರದು ಬರೀ ಹಠ.

ಇಲ್ಲೊಂದು ಪುರಾಣ ಹೇಳಲೇಬೇಕು. ಐಇಎಫ್‌ಬಿಆರ್14 ಎಂಬ ಐಬಿಎಂ ಪ್ರೋಗ್ರಾಂ ಇರುವುದೇ ಏನೂ ಮಾಡದಿರುವುದಕ್ಕೆ. ಮೊದಲು ಅದರಲ್ಲಿದ್ದದ್ದು ಒಂದೇ ಆದೇಶ: ವಾಪಸ್ ಹೋಗು. ಅದರಲ್ಲೂ ದೋಷ ಸಿಕ್ಕಿತು. ರಿಟರ್ನ್ ಕೋಡ್ ಕೂರುವ 15ನೇ ರಿಜಿಸ್ಟರನ್ನು ಸೊನ್ನೆ ಮಾಡದೆ ಹಿಂದಿರುಗುತ್ತಿದ್ದರಿಂದ, ಅಲ್ಲಿ ಮೊದಲೇ ಬಿದ್ದಿದ್ದ ಕಸವೇ ಕೋಡ್ ಆಗುತ್ತಿತ್ತು. ಸೊನ್ನೆ ಮಾಡುವ ಇನ್ನೊಂದು ಆದೇಶ ಸೇರಿಸಿದರು. ಸುಮ್ಮನಿರುವ ಪ್ರೋಗ್ರಾಮೂ ತಾನು ಸುಮ್ಮನಿದ್ದೆ ಎಂದು ಸರಿಯಾಗಿ ಹೇಳಬೇಕಾಯಿತು.

ಕೆಟ್ಟದ್ದು ಗೊತ್ತಾದ ಮೇಲಿನದೇ ನಿಜವಾದ ಆಟ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹದ ಮಾಡುವವರನ್ನು ಕೇಳಿ. ಬ್ಯಾರನ್‌ನಲ್ಲಿ ಎಲೆ ಮೊದಲು ಹಳದಿ ಏರಬೇಕು, ಆಮೇಲೆ ಒಣಗಬೇಕು, ಕಡೆಗೆ ನಡುನರ ಒಣಗಬೇಕು. ಕಡೆಯ ಹಂತದಲ್ಲಿ ಒಲೆ ಆರಿದರೆ ಯಾರೂ ಮತ್ತೆ ಹಳದಿ ಏರಿಸಲು ಹೋಗುವುದಿಲ್ಲ; ಎಲೆ ಯಾವ ಹಂತದಲ್ಲಿದೆ ಎಂದು ಮುಟ್ಟಿ ನೋಡಿ ಅಲ್ಲಿಂದಲೇ ಕಾವು ಏರಿಸುತ್ತಾರೆ.

ಹಾಗೆ ಮುಟ್ಟಿ ನೋಡದೆ ರೀಸ್ಟಾರ್ಟ್ ಕೊಡುವವರಿಗೆ ಜೆಸಿಎಲ್ ಮೂರು ಗುಂಡಿ ತೋಡಿಟ್ಟಿದೆ. ಹೊಸ ಫೈಲಿಗೆ ‘ನ್ಯೂ, ಕ್ಯಾಟಲಾಗ್’ ಎಂದಷ್ಟೇ ಬರೆದು, ಅಬೆಂಡ್ ಆದರೆ ಡಿಲೀಟ್ ಎಂಬ ಮೂರನೇ ಮಾತನ್ನು ಬಿಟ್ಟರೆ, ಅರ್ಧ ಬರೆದ ಫೈಲೂ ಕ್ಯಾಟಲಾಗ್ ಆಗಿ ಕೂರುತ್ತದೆ. ಮರು ಓಟದಲ್ಲಿ ಅದೇ ಹೆಸರಿನ ಫೈಲ್ ಎದುರಾಗಿ ಜಾಬ್ ಮತ್ತೆ ಮುಗ್ಗರಿಸುತ್ತದೆ. ಎರಡನೆಯದು ಜಿಡಿಜಿ, ಒಂದೇ ಹೆಸರಿನ ಫೈಲಿನ ಪೀಳಿಗೆಗಳ ಲೆಕ್ಕ: 0 ಎಂದರೆ ಈಗಿನದು, +1 ಎಂದರೆ ಮುಂದಿನದು. ಎರಡನೇ ಸ್ಟೆಪ್ +1 ಎಂದು ಬರೆದ ಫೈಲನ್ನು ಐದನೇ ಸ್ಟೆಪ್ಪೂ +1 ಎಂದೇ ಓದುತ್ತದೆ. ಐದರಲ್ಲಿ ಬಿದ್ದು ಐದರಿಂದಲೇ ಎದ್ದರೆ ಆ ಫೈಲ್ ಈಗ +1 ಅಲ್ಲ, 0. ಸಂಖ್ಯೆ ತಿದ್ದದೆ ಓಡಿಸಿದರೆ ಇಲ್ಲದ ಫೈಲಿಗೆ ತಡಕಾಟ. ಮೂರನೆಯದು ಕಪಟಿ: ರೀಸ್ಟಾರ್ಟ್‌ನಲ್ಲಿ ಹಿಂದಿನ ಸ್ಟೆಪ್‌ಗಳು ಓಡಿಲ್ಲವಾದ್ದರಿಂದ ಅವುಗಳ ಮೇಲೆ ಇಟ್ಟ ಕಾಂಡ್ ಪರೀಕ್ಷೆ ನಡೆಯುವುದೇ ಇಲ್ಲ. ಕಾವಲುಗಾರ ಇದ್ದಾನೆ ಅಂದುಕೊಂಡಿರುತ್ತೀರಿ, ಬಾಗಿಲು ತೆರೆದೇ ಇರುತ್ತದೆ.

ಇದು ಕುಶಲಿಗರ ಚಿಲ್ಲರೆ ಜಗಳ ಎನ್ನುವವರಿಗೆ ಬ್ರಿಟನ್ನಿನ ಆರ್‌ಬಿಎಸ್ ಬ್ಯಾಂಕ್ ಇದೆ. 2012ರ ಜೂನ್ 17ರಂದು ಅಲ್ಲಿ ರಾತ್ರಿ ಬ್ಯಾಚ್ ನಡೆಸುವ ಶೆಡ್ಯೂಲರ್ ತಂತ್ರಾಂಶವನ್ನು ಅಪ್‌ಗ್ರೇಡ್ ಮಾಡಿದರು. ತೊಡಕು ಕಂಡಿತು. ಪರೀಕ್ಷಿಸದೆ ಅದನ್ನು ಕಿತ್ತು ಹಳೆಯದಕ್ಕೆ ಮರಳಿದರು. ಹಳೆಯದಕ್ಕೂ ಹೊಸದಕ್ಕೂ ಹೊಂದಾಣಿಕೆಯೇ ಇರಲಿಲ್ಲ. ಬ್ರಿಟನ್ನಿನಲ್ಲಿ 65 ಲಕ್ಷ ಗ್ರಾಹಕರಿಗೆ ತೊಂದರೆಯಾಯಿತು, ಅದೇ ಗುಂಪಿನ ಅಲ್‌ಸ್ಟರ್ ಬ್ಯಾಂಕಿನವರ ಪಾಡು ಜುಲೈವರೆಗೂ ಎಳೆಯಿತು. 2014ರ ನವೆಂಬರ್‌ನಲ್ಲಿ ಅಲ್ಲಿನ ನಿಯಂತ್ರಕರು ಹಾಕಿದ ದಂಡ 5.6 ಕೋಟಿ ಪೌಂಡ್. ನನ್ನ ಕಣ್ಣಿಗೆ ಅಪ್‌ಗ್ರೇಡ್ ಕೆಟ್ಟದ್ದು ದೊಡ್ಡ ತಪ್ಪಲ್ಲ, ಅಂಥದ್ದು ಆಗುತ್ತಿರುತ್ತದೆ. ಹಿಂದಿರುಗುವ ದಾರಿಯನ್ನು ಮೊದಲೇ ಒಮ್ಮೆ ನಡೆದು ನೋಡದೇ ಇದ್ದದ್ದು ತಪ್ಪು.

ನನಗೆ ಇಷ್ಟವಾಗುವುದು ಉಳಿತಾಯ ಖಾತೆಗೆ ಬಡ್ಡಿ ಹಾಕುವ ಜಾಬ್, ಅದೂ ಚೆನ್ನಾಗಿ ಕಟ್ಟಿದ್ದಾದರೆ. ಇಂತಿಷ್ಟು ಖಾತೆಗೊಮ್ಮೆ ಕಮಿಟ್ ಮಾಡುತ್ತದೆ, ಅಂದರೆ ಅಲ್ಲಿಯವರೆಗಿನ ಬದಲಾವಣೆಯನ್ನು ಕಾಯಂ ಮಾಡುತ್ತದೆ. ಕಡೆಯ ಖಾತೆಯ ಸಂಖ್ಯೆಯನ್ನು ಅದೇ ಕಮಿಟ್‌ನಲ್ಲಿ ರೀಸ್ಟಾರ್ಟ್ ಟೇಬಲ್ಲಿನಲ್ಲಿ ಗುರುತು ಹಾಕುತ್ತದೆ. ಬಿದ್ದರೆ ಅದರ ಮುಂದಿನ ಖಾತೆಯಿಂದ ಹೊರಡುತ್ತದೆ, ಯಾರಿಗೂ ಎರಡು ಸಲ ಬಡ್ಡಿ ಇಲ್ಲ. ಇಂಥದ್ದು ನಿಮ್ಮ ಕೈಯಲ್ಲಿದ್ದರೆ, ಪ್ರೊಡಕ್ಷನ್‌ಗೆ ಕಳಿಸುವ ಮುನ್ನ ಟೆಸ್ಟ್‌ನಲ್ಲಿ ಪ್ರತಿ ಸ್ಟೆಪ್‌ನ ನಡುವೆಯೂ ಬೇಕೆಂದೇ ಕ್ಯಾನ್ಸಲ್ ಕೊಟ್ಟು ಎಬ್ಬಿಸಿ, ಕೊನೆಯ ಮೊತ್ತವನ್ನು ಎಡವದೆ ಓಡಿದ ಜಾಬಿನ ಮೊತ್ತದೊಂದಿಗೆ ತಾಳೆ ನೋಡಿ. ಒಂದು ಪೈಸೆ ಹೆಚ್ಚುಕಡಿಮೆ ಬಂದರೂ ಮತ್ತೆ ಆ ಜಾಬಿನ ಕೋಬಾಲ್ ಪ್ರೋಗ್ರಾಂ ತೆರೆಯಿರಿ.