ಮರಳಿ ಬರುವೆನೆಂದವನು



ರಜೆಯಲ್ಲಿ ಆಫ್ರಿಕಾದ ಅನಾಥಾಲಯವೊಂದಕ್ಕೆ ತೆರಳಿ ಎರಡು ಮೂರು ವಾರ ಸೇವೆ ಸಲ್ಲಿಸಿ ಬಂದ ಕ್ರೈಸ್ತ ಯುವಜನರ ದಿನಚರಿಗಳು ಇಂದು ಹೇರಳವಾಗಿ ದೊರೆಯುತ್ತವೆ. ಅವುಗಳ ಧಾಟಿ ಹೆಚ್ಚುಕಡಿಮೆ ಒಂದೇ. ಮುಂಜಾನೆ ಪ್ರಾರ್ಥನೆ, ಮಕ್ಕಳಿಗೆ ಗಂಜಿ ಬಡಿಸುವುದು, ಗೋಡೆಗೆ ಬಣ್ಣ ಬಳಿಯುವುದು, ಸಂಜೆ ಆಟ-ಹಾಡು, ಕೊನೆಯ ದಿನ ಎಲ್ಲರ ಕಣ್ಣಲ್ಲೂ ನೀರು. ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು ಎಂಬುದು ಮುಕ್ತಾಯದ ಮಾತು. ಅದು ಪ್ರಾಮಾಣಿಕವಾದ ಮಾತೇ. ಆದರೆ ನಮ್ಮ ವಿಮರ್ಶೆ ಅಲ್ಲಿಂದಲೇ ಆರಂಭವಾಗಬೇಕು. ಪಡೆದವರು ಇವರಾದರೆ, ಕಳೆದುಕೊಂಡವರು ಯಾರು?

ಇದು ದೂರದ ಖಂಡದ ಕಥೆಯೆಂದು ಭಾವಿಸದಿರಿ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿಯೂ ಹುಟ್ಟುಹಬ್ಬಕ್ಕೋ ತಿಥಿಗೋ ಆಶ್ರಮದ ಮಕ್ಕಳಿಗೆ ಒಂದು ಹೊತ್ತು ಊಟ ಹಾಕಿಸಿ, ಅವರ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುವುದು ಮತಭೇದವಿಲ್ಲದ ವಾಡಿಕೆ. ಕ್ರಿಸ್ಮಸ್ ಬಂತೆಂದರೆ ನಮ್ಮ ಧರ್ಮಕೇಂದ್ರಗಳೂ ಕೇಕು ಹೊತ್ತು ಹೊರಡುತ್ತವೆ.

ಇದನ್ನು ಬರೆಯಲು ನನಗೂ ಸಂಕೋಚವಿದೆ. ಮಲ್ಲೇಶ್ವರದ ಸಂತ ಪೇತ್ರರ ಗುರುಮಠದಲ್ಲಿ ಓದುತ್ತಿದ್ದಾಗ ಕೆಲವು ಭಾನುವಾರ ಮಕ್ಕಳ ಮನೆಯೊಂದಕ್ಕೆ ಹೋಗುತ್ತಿದ್ದೆ. ಒಮ್ಮೆ ಹುಡುಗನೊಬ್ಬ ಗೇಟಿನವರೆಗೂ ಬಂದು, "ಬ್ರದರ್, ಮುಂದಿನ ವಾರ ಬರ್ತೀರಾ?" ಎಂದ. "ಬರ್ತೀನಪ್ಪಾ" ಎಂದೆ. ಪರೀಕ್ಷೆಗಳು ಬಂದವು, ಹೋಗಲಿಲ್ಲ. ತಿಂಗಳುಗಳ ತರುವಾಯ ಹೋದಾಗ ಅವನು ನನ್ನ ಗುರುತು ಹಿಡಿದರೂ ಹತ್ತಿರ ಬರಲಿಲ್ಲ. ಸಿಹಿತಿಂಡಿಯನ್ನು ಮಾತ್ರ ಸಾಲಿನಲ್ಲಿ ನಿಂತು ತೆಗೆದುಕೊಂಡ.

ಒಮ್ಮೆ ಅಗಲಿಕೆಯನ್ನು ಉಂಡ ಮಗುವಿಗೆ ಪ್ರತಿ ಹೊಸ ಅತಿಥಿಯೂ ಇನ್ನೊಂದು ಅಗಲಿಕೆ. ಲೋಕ ಇದನ್ನು ತಡವಾಗಿಯಾದರೂ ಅರಿತಿದೆ. ಅನಾಥಾಲಯಗಳಿಗಾಗಿ ಮಕ್ಕಳನ್ನು ಸಾಗಿಸುವುದು ಆಧುನಿಕ ಗುಲಾಮಗಿರಿಯ ಒಂದು ರೂಪವೆಂದು ಆಸ್ಟ್ರೇಲಿಯಾ 2018ರಲ್ಲಿ ಗುರುತಿಸಿತು. ಇಂತಹ ಸ್ವಯಂಸೇವಾ ಪ್ರವಾಸಗಳಿಂದಾಗುವ ಕೇಡನ್ನು ತಡೆಯಬೇಕೆಂದು 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಕರೆ ನೀಡಿತು. ನಮ್ಮ 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಮಾರ್ಗ; ಅಂತಹ ಮಗುವಿನ ಗುರುತು ಪ್ರಕಟಿಸುವುದನ್ನೂ ಅದು ನಿಷೇಧಿಸುತ್ತದೆ. ಯುನಿಸೆಫ್ ಲೆಕ್ಕದಲ್ಲಿ ತಾಯಿ ಅಥವಾ ತಂದೆ, ಒಬ್ಬರನ್ನು ಕಳೆದುಕೊಂಡ ಮಗುವೂ ಅನಾಥವೇ. ಎಂದರೆ, ನಾವು ಅನಾಥರೆಂದು ಕರೆಯುವ ಅನೇಕ ಮಕ್ಕಳಿಗೆ ತಾಯಿ ಇದ್ದಾಳೆ. ಅವಳಿಗೆ ಬಾಡಿಗೆಗೂ ಶಾಲೆಯ ಶುಲ್ಕಕ್ಕೂ ಗತಿಯಿಲ್ಲ, ಅಷ್ಟೆ.

ಹಾಗಾದರೆ ಅನಾಥರನ್ನು ಸಂದರ್ಶಿಸಬಾರದೇ? ಅದೇ ನಿಜವಾದ ಭಕ್ತಿಯೆಂದು ಯಕೋಬನ ಪತ್ರ ಬೋಧಿಸುವುದಿಲ್ಲವೇ? ಬೋಧಿಸುತ್ತದೆ. ಆದರೆ ಅಲ್ಲಿನ ಗ್ರೀಕ್ ಕ್ರಿಯಾಪದ 'ಎಪಿಸ್ಕೆಪ್ತೊಮಾಯ್' ಬರಿಯ ಭೇಟಿಯನ್ನು ಸೂಚಿಸದು. ಹೊಣೆ ಹೊತ್ತು ನೋಡಿಕೊಳ್ಳುವುದೆಂಬ ಅರ್ಥವೂ ಅದಕ್ಕಿದೆ. ಧರ್ಮಾಧ್ಯಕ್ಷರನ್ನು ಸೂಚಿಸುವ 'ಎಪಿಸ್ಕೊಪೊಸ್' ಅದೇ ಧಾತುವಿನ ಪದ. ಧರ್ಮಾಧ್ಯಕ್ಷರು ಎರಡು ವಾರ ಬಂದು ಹೋಗುವವರಲ್ಲ ತಾನೇ?

ಲೂಕನ ಶುಭಸಂದೇಶದ ಸಮಾರಿಯದವನನ್ನೂ ಗಮನಿಸಿ. ಅವನೂ ಪ್ರಯಾಣಿಕನೇ, ಮರುದಿನವೇ ಹೊರಟ. ಆದರೆ ಗಾಯಾಳುವನ್ನು ಅಲ್ಲಿಯೇ ಇರುವ ಛತ್ರದವನಿಗೆ ಒಪ್ಪಿಸಿ, ಎರಡು ನಾಣ್ಯ ಕೊಟ್ಟು, ಮಿಕ್ಕ ವೆಚ್ಚವನ್ನು ಮರಳಿ ಬಂದಾಗ ತೀರಿಸುವೆನೆಂದ. ದಿನನಿತ್ಯದ ಆರೈಕೆ ಛತ್ರದವನದು. ಮರಳುವ ಮಾತು ಇವನದು. ನಮ್ಮ ದಿನಚರಿಗಳಲ್ಲಿ ಈ ಛತ್ರದವನ ಸುದ್ದಿಯೇ ಇರುವುದಿಲ್ಲ. ನಾವು ಹೊರಟ ಮೇಲೂ ಹಾಸಿಗೆ ಒಗೆಯುವ, ಜ್ವರ ಬಂದರೆ ರಾತ್ರಿಯೆಲ್ಲ ಎಚ್ಚರವಿರುವ ಆ ಅಕ್ಕಂದಿರ ಹೆಸರು ನಮಗೆ ತಿಳಿದಿರುವುದಿಲ್ಲ.

ನಮ್ಮಲ್ಲಿಯೇ ಬೇರೊಂದು ಮಾದರಿಯಿದೆ. 1980ರಲ್ಲಿ ಬೆಂಗಳೂರಿನ ಕ್ರಿಸ್ತುಜ್ಯೋತಿ ಕಾಲೇಜಿನ ಸಲೇಸಿಯನ್ ವಿದ್ಯಾರ್ಥಿಗಳು ಬೀದಿಯ ಮಕ್ಕಳನ್ನು ಅವರಿದ್ದ ಕಡೆಗೇ ಹುಡುಕಿಕೊಂಡು ಹೋದರು. 'ಬೆಂಗಳೂರು ಓಣಿಯವರ ಸೇವಾಕೂಟ', ಅಂದರೆ ಬಾಸ್ಕೊ, ಬೆಳೆದದ್ದು ಹೀಗೆ. ಮನೆ ತೊರೆದು ನಗರದ ರೈಲು, ಬಸ್ ನಿಲ್ದಾಣಗಳಿಗೆ ಬಂದಿಳಿಯುವ ಮಕ್ಕಳನ್ನು ಸಾಧ್ಯವಾದಲ್ಲೆಲ್ಲ ಮರಳಿ ಕುಟುಂಬಕ್ಕೆ ಸೇರಿಸುವುದು ಅದರ ಮುಖ್ಯ ಕಾಯಕ. ವಿದ್ಯಾರ್ಥಿಗಳು ಬದಲಾದರು, ಕೆಲಸ ನಿಲ್ಲಲಿಲ್ಲ.

ಆದ್ದರಿಂದ, ಓದುಗರೇ, ಉತ್ಸಾಹವನ್ನು ತಣಿಸುವುದು ನನ್ನ ಉದ್ದೇಶವಲ್ಲ. ವಿಮಾನದ ಹಣದಲ್ಲಿ ಒಬ್ಬ ತಾಯಿ ತನ್ನ ಮಗುವನ್ನು ತನ್ನಲ್ಲಿಯೇ ಉಳಿಸಿಕೊಳ್ಳಬಹುದೇ ಎಂದು ಮೊದಲು ವಿಚಾರಿಸೋಣ. ಮಕ್ಕಳ ಮನೆಗೆ ಹೋಗುವುದಾದರೆ ಕ್ಯಾಮೆರಾ ಬಿಟ್ಟು, ವರ್ಷವಿಡೀ ವಾರಕ್ಕೊಂದು ಗಂಟೆ ಗಣಿತ ಹೇಳಿಕೊಡಲು ಹೋಗೋಣ. ಅದು ಆಗದಿದ್ದರೆ ಛತ್ರದವನ ಕೈ ಬಲಪಡಿಸೋಣ. ಗೇಟಿನ ಬಳಿ ನಿಂತ ಮಗುವಿಗೆ ಮಾತ್ರ, ನಡೆಸಲಾಗದ ಮಾತನ್ನು ಕೊಡದಿರೋಣ.