ಹಳೆಯ ಕೋವಿಗೆ ಮೆದು ಸೀಸವೇ ಮೇಲು

ದೊಡ್ಡ ನಳಿಗೆಯ ಹಳೆಯ ರೈಫಲ್‌ಗೆ ಸೀಸ ಕರಗಿಸಿ ಗುಂಡು ಎರೆಯುವವರಲ್ಲಿ, ಗುಂಡು ಗಟ್ಟಿಯಾದಷ್ಟೂ ಒಳ್ಳೆಯದು ಎಂಬ ನಂಬಿಕೆಯಿದೆ. ಈ ನಂಬಿಕೆ ತಪ್ಪು, ಮತ್ತು ಇದು ಬರೀ ಹವ್ಯಾಸಿಗಳ ಚರ್ಚೆಯೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇಂದು ಮೋಜಿನ ಬೇಟೆಗೆ ನಮ್ಮಲ್ಲಿ ಜಾಗವಿಲ್ಲ, ಇರಬಾರದು ಕೂಡ. ಆದರೆ ಬೆಳೆಗೆ ಕಂಟಕವಾದ ಕಾಡುಹಂದಿಯಂಥ ಪ್ರಾಣಿಯನ್ನು ಕೊಲ್ಲಲು ಅದೇ ಕಾಯ್ದೆಯ 11ನೇ ಕಲಮಿನಡಿ ಅಧಿಕಾರಿಗಳು ಲಿಖಿತ ಅನುಮತಿ ಕೊಡಬಹುದು. ಬಂಕಾಪುರ, ಹಾನಗಲ್ಲಿನ ಗೋವಿನಜೋಳದ ಹೊಲವಿರಲಿ, ಮಲೆನಾಡಿನ ಗದ್ದೆಯಿರಲಿ, ಅಂಥ ಅನುಮತಿಯ ಮೇಲೆ ಹಾರಿಸುವ ಈಡು ಪ್ರಾಣಿಯನ್ನು ನರಳಿಸದೆ ಕೆಡವಬೇಕು. ಗುಂಡಿನ ಗುಣವನ್ನು ಅಳೆಯಬೇಕಾದದ್ದು ಈ ಮಾನದಿಂದಲೇ.

ಕರಿಮದ್ದಿನ ಕಾಲದ ಕೋವಿಗಳ ಬಲ ವೇಗದಲ್ಲಿರಲಿಲ್ಲ, ಗುಂಡಿನ ಅಗಲ ಮತ್ತು ತೂಕದಲ್ಲಿತ್ತು. ಒಂದು ಪೌಂಡ್ ಸೀಸದಿಂದ ಎಂಟು ಉಂಡೆ ಬರುವ ನಳಿಗೆ 8 ಬೋರ್. ಅದರ ಒಂದು ಉಂಡೆಯೇ ಸುಮಾರು 57 ಗ್ರಾಂ. ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್‌ಸನ್ 1878ರ ತನ್ನ ಪುಸ್ತಕದಲ್ಲಿ ಆನೆ, ಕಾಟಿಗಳಿಗೆ ಇಂಥ ಭಾರೀ ಕೋವಿಗಳನ್ನೇ ಮೆಚ್ಚಿದ. ಹುಲಿಗೆ ಯಾವ ಗುಂಡು ಎಂಬುದಕ್ಕೆ 1890ರಲ್ಲಿ ಬೇಟೆಗಾರ ಸ್ಯಾಮ್ಯುಯೆಲ್ ಬೇಕರ್ ಕೊಟ್ಟ ಉತ್ತರ ಇನ್ನೂ ಸ್ಪಷ್ಟ: ಅಪ್ಪಟ ಸೀಸದ ಇಡಿಗುಂಡು. ಒಳಟೊಳ್ಳಿನ ಹಗುರ ಗುಂಡು ಮೇಲುಮೇಲೆ ಪುಡಿಯಾಗುತ್ತದೆ. ಮೆದು ಸೀಸದ ಇಡಿಗುಂಡು ಅಣಬೆಯಂತೆ ಅರಳಿ, ತೂಕ ಕಳೆದುಕೊಳ್ಳದೆ ಆಳಕ್ಕಿಳಿಯುತ್ತದೆ. ಬ್ರಿನೆಲ್ ಮಾಪಕದಲ್ಲಿ ಅಪ್ಪಟ ಸೀಸದ ಗಡಸುತನ ಸುಮಾರು 5. ಇಪ್ಪತ್ತು ಪಾಲು ಸೀಸಕ್ಕೆ ಒಂದು ಪಾಲು ತವರ ಸೇರಿಸಿದರೆ ಹೆಚ್ಚುಕಡಿಮೆ 10. ಹಳೆಯ ಮುದ್ರಣಾಲಯಗಳ ಲೈನೋಟೈಪ್ ಲೋಹದಲ್ಲಿ ಆಂಟಿಮನಿ ಇರುವುದರಿಂದ ಅದು 20 ದಾಟುತ್ತದೆ. ಅದರಲ್ಲಿ ಎರೆದ ಗುಂಡು ಅಚ್ಚಿನಿಂದ ಚೊಕ್ಕವಾಗಿ ಬರುತ್ತದೆ ನಿಜ. ಆದರೆ ನಿಧಾನದ ಹೊಡೆತಕ್ಕೆ ಅರಳುವುದಿಲ್ಲ, ಮೂಳೆ ಸಿಕ್ಕರೆ ಸಿಡಿದು ಚೂರಾಗಲೂಬಹುದು.

ಮೆದು ಗುಂಡು ನಳಿಗೆಯೊಳಗೆ ಸೀಸ ಮೆತ್ತುತ್ತದೆ ಎಂಬುದು ಮೊದಲ ಆಕ್ಷೇಪ. ಕರಿಮದ್ದಿನ ವೇಗದಲ್ಲಿ ಇದಕ್ಕೆ ಹೆಚ್ಚಾಗಿ ಕಾರಣವಾಗುವುದು ಗುಂಡಿನ ಅಳತೆ. ಗುಂಡು ನಳಿಗೆಗಿಂತ ಸಣ್ಣದಾದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ಕರಗಿಸುತ್ತದೆ. ನಳಿಗೆಯ ಒಳಗೀರುಗಳ ತಳದಿಂದ ತಳಕ್ಕೆ ಇರುವ ಅಗಲ ಅಳೆದು ಗುಂಡನ್ನು ಅದಕ್ಕಿಂತ ಕೂದಲೆಳೆಯಷ್ಟು ದಪ್ಪ ಎರೆದು, ಜಿಡ್ಡು ಸವರಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಆನೆಯ ತಲೆಬುರುಡೆಗೆ ಗಟ್ಟಿ ಗುಂಡು ಬೇಕಿತ್ತಲ್ಲ ಎಂದರೆ, ಹೌದು, ಬೇಕರನೂ ಅದನ್ನು ಒಪ್ಪಿದ್ದ. ಹಂದಿಗೆ ಆ ನಿಯಮ ಹೊಂದುವುದಿಲ್ಲ. ತಾಮ್ರದ ಕವಚದ ಗುಂಡನ್ನೇ ಹಾಕಬಾರದೇಕೆ ಎನ್ನುವವರು ಹಳೆಯ ನಳಿಗೆಯ ಮೆದು ಉಕ್ಕನ್ನು ಮರೆಯುತ್ತಾರೆ: ಕವಚ ಅದನ್ನು ಬೇಗ ಸವೆಸುತ್ತದೆ, ಅದರ ಜೊತೆ ಬರುವ ಮದ್ದಿನ ಒತ್ತಡ ನಳಿಗೆಯನ್ನೇ ಸೀಳಬಹುದು.

ಉಳಿಯುವ ಗಟ್ಟಿ ಆಕ್ಷೇಪ ಒಂದೇ, ಸೀಸ ವಿಷ ಎಂಬುದು. ಅದನ್ನು ತಳ್ಳಿಹಾಕುವಂತಿಲ್ಲ. ಗುಂಡಿನ ಚೂರಿರುವ ಮಾಂಸ ತಿಂದು ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದುದರಿಂದ ಕ್ಯಾಲಿಫೋರ್ನಿಯಾ 2019ರಲ್ಲಿ ಬೇಟೆಗೆ ಸೀಸದ ಗುಂಡನ್ನೇ ಪೂರ್ತಿ ನಿಷೇಧಿಸಿತು. ಕೋಟೆಯೊಳಗೆ ನವಿಲುಧಾಮವಿರುವ ಬಂಕಾಪುರಕ್ಕೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ನವಿಲು ಕಾಳಿನ ಜೊತೆ ಸಣ್ಣ ಹರಳುಗಳನ್ನೂ ನುಂಗುವ ಹಕ್ಕಿ; ಸೀಸದ ಚೂರನ್ನೂ ಹಾಗೆಯೇ ನುಂಗಬಹುದು. ಒಟ್ಟಿನಲ್ಲಿ ಹಳೆಯ ಕೋವಿಗೆ ತುಸು ತವರ ಬೆರೆತ, ಅಗಲ ಮೂತಿಯ ಮೆದು ಗುಂಡೇ ಸರಿ; ಆದರೆ ಲೈಸೆನ್ಸು ಮತ್ತು ಲಿಖಿತ ಅನುಮತಿ ಇಲ್ಲದೆ ಅದು ನಳಿಗೆಯೊಳಗೆ ಹೋಗಬಾರದು, ಕೆಡವಿದ ಪ್ರಾಣಿಯ ಕಳೇಬರ ಬಯಲಲ್ಲಿ ಉಳಿಯಬಾರದು. ಇಷ್ಟನ್ನು ಪಾಲಿಸಲಾಗದವರು ಕೋವಿಯನ್ನು ಗೋಡೆಗೆ ತೂಗುಹಾಕುವುದೇ ಲೇಸು.